ಚಿಟ್ಟೆಯ ಪಾಲಿನ ಹೂವು

ಸಾನಿಕಾ, ಸಮರ್ಥ, ನಿಮ್ಮ ಅಜ್ಜಿಗೆ ಒಂದು ಮಾತು ಹೇಳಲು ಬರುವುದಿಲ್ಲ ಎಂಬುದು ನಿಮಗೆ ಮೊದಲೇ ಗೊತ್ತಿರಲಿ. ಆ ಮಾತು ‘ಬೇಡ’. ಎರಡೇ ಅಕ್ಷರದ ಸಣ್ಣ ಮಾತು. ಸಮರ್ಥ ಮಾತು ಕಲಿಯುವಾಗ ಮೊದಲು ‘ಅಮ್ಮ’ ಅಂದ, ಅದರ ಬೆನ್ನಿಗೇ ‘ಬೇಡ’ ಅಂದ, ಆಮೇಲೆ ಬಹಳ ದಿನ ಬೇರೆ ಮಾತಿನ ಅಗತ್ಯವೇ ಅವನಿಗೆ ಬೀಳಲಿಲ್ಲ. ನಾನು ಮಾತ್ರ ಈ ವಯಸ್ಸಿಗೂ ಅದನ್ನು ಕಲಿತಿಲ್ಲ. ಮದುವೆಯ ಪಂಕ್ತಿಯಲ್ಲಿ ಹೋಳಿಗೆಯ ಬುಟ್ಟಿ ಬಂದರೆ ಉಳಿದವರೆಲ್ಲ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ನಾನು ನಾಚಿಕೊಂಡು ತಲೆ ತಗ್ಗಿಸುತ್ತೇನೆ. ತಲೆ ತಗ್ಗಿಸಿದರೆ ಬಡಿಸುವವರ ಲೆಕ್ಕದಲ್ಲಿ ಅದು ‘ಹೂಂ’. ಹೀಗೆ ಎಷ್ಟೋ ಮದುವೆಗಳಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ಎದ್ದಿದ್ದೇನೆ, ಮತ್ತು ‘ಅವಳಿಗೆ ಹೋಳಿಗೆ ಅಂದ್ರೆ ಜೀವ’ ಎಂಬ ಹೆಸರು ಪಡೆದಿದ್ದೇನೆ. ಖರೇ ಹೇಳಬೇಕೆಂದರೆ ನನಗೆ ಹೋಳಿಗೆ ಸೇರುವುದೇ ಇಲ್ಲ.

ಇದು ಹುಟ್ಟಿನಿಂದಲೇ ಬಂದ ಗುಣ. ಸುಂಕಸಾಳದ ನಮ್ಮ ಶಾಲೆಯಲ್ಲಿ ಮಾಸ್ತರು ಪದ್ಯ ಹೇಳಲು ಎದ್ದು ನಿಲ್ಲಿಸಿದರೆ ನನ್ನ ತುಟಿ ಅಲ್ಲಾಡುತ್ತಿತ್ತು, ಬಾಯಿಂದ ಗಾಳಿ ಮಾತ್ರ ಬರುತ್ತಿತ್ತು. ಮಾಸ್ತರು ಒಳ್ಳೆಯವರು. “ಇವ್ಳಿಗೆ ಪದ್ಯ ಪೂರಾ ಬರ್ತದೆ, ನಮ್ಗೆ ಕೇಳೂದಿಲ್ಲ ಅಷ್ಟೇ” ಎಂದು ಕೂರಿಸುತ್ತಿದ್ದರು. ಆಮೇಲೆ ನನ್ನ ಮದುವೆಯಾದದ್ದು ಬಸ್ಸಿನ ಕಂಡಕ್ಟರ್ ಜೊತೆ. ನಿಮ್ಮ ಅಜ್ಜನ ಗಂಟಲು ನಿಮಗೆ ನೆನಪಿಲ್ಲ. ಅವರು ಬಾಳೆಗುಳಿ ಕ್ರಾಸಿನಲ್ಲಿ ಬಸ್ಸು ನಿಲ್ಲಿಸಲು ‘ಹೋಲ್ಡಾನ್’ ಅಂದರೆ ಅಂಕೋಲಾ ಪೇಟೆಯಲ್ಲಿ ಓಡುವ ರಿಕ್ಷಾ ಕೂಡ ಒಮ್ಮೆ ಯೋಚನೆ ಮಾಡಬೇಕು, ಅಂಥ ಗಂಟಲು. ಮದುವೆಯಾದ ಹೊಸದರಲ್ಲಿ ತವರಿನಿಂದ ಬರುವಾಗ ಅವರದೇ ಬಸ್ಸು ಹತ್ತಿದೆ. ಬಸ್ಸು ತುಂಬ ಜನ. ಗಂಡನ ಮುಖ ನೋಡಲು ನಾಚಿಕೆಯಾಗಿ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತೆ. ಅವರು ಹಿಂದೆ ಯಾರೊಂದಿಗೋ ಮಾವಿನ ಮಿಡಿಯ ಮಾತಿನಲ್ಲಿ ಮುಳುಗಿದ್ದರು. ಬಾಳೆಗುಳಿ ಬಂತು, ನಮ್ಮ ಮನೆಯ ದಾರಿ ಕಂಡಿತು, ನನ್ನ ಅತ್ತೆ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದದ್ದೂ ಕಂಡಿತು. ‘ಹೋಲ್ಡಾನ್’ ಎನ್ನಲು ಮಾತ್ರ ಬಾಯಿ ಬರಲಿಲ್ಲ. ಅಂಕೋಲಾ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ನಾನೊಬ್ಬಳೇ ಗಂಟು ಅಪ್ಪಿಕೊಂಡು ಕೂತಿದ್ದೆ. ನಿಮ್ಮ ಅಜ್ಜ ಹತ್ತಿರ ಬಂದು, “ಅಮ್ಮಾ, ತಮ್ದು ಎಲ್ಲಿಗಾಯ್ತು?” ಎಂದು ಕೇಳಿದರು. ಅದನ್ನು ಅವರು ಬದುಕಿರುವ ತನಕ ಬಂದವರಿಗೆಲ್ಲ ಹೇಳಿದರು. “ಒಂದ್ ಹೋಲ್ಡಾನ್ ಹೇಳುಕೆ ಬಾಯಿಲ್ಲ ಇವ್ಳಿಗೆ” ಎನ್ನುತ್ತಿದ್ದರು. ಹೇಳಬೇಕಾದದ್ದನ್ನೆಲ್ಲ ಇಬ್ಬರ ಪರವಾಗಿಯೂ ಅವರೇ ಹೇಳಿಬಿಡುತ್ತಿದ್ದರು, ನನಗೆ ಅದರಿಂದ ಸುಖವೇ ಆಗಿತ್ತು.

ಅವರು ಹೋದ ಮೇಲೆ ಈ ಮನೆಯ ಬಾಯಿ ಮುಚ್ಚಿದ ಹಾಗಾಯಿತು. ನಿಮ್ಮ ಮಾವ ನನ್ನ ಹಾಗೆಯೇ ಮಾತು ಕಡಿಮೆಯವನು. ನಿಮ್ಮ ವೀಣತ್ತೆ ಮಾತಾಡುತ್ತಾಳೆ, ಆದರೆ ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗಿಬಿಡುತ್ತಾಳೆ. ಅದಕ್ಕೇ ನನ್ನ ಒಡನಾಟವೆಲ್ಲ ಅಂಗಳದ ಗಿಡಗಳ ಜೊತೆ. ಕನಕಾಂಬರ ಎನ್ನುತ್ತಾರಲ್ಲ, ಆ ಅಬ್ಬಲಿಗೆ ಒಂದು ಸಾಲು, ಎರಡು ದಾಸಾಳ, ಒಂದು ತುಳಸಿ, ಮತ್ತೆ ಬಾವಿಕಟ್ಟೆಯ ಹತ್ತಿರ ಆ ಕೇಪಳದ ಗಿಡ, ಕೆಂಪು ಗೊಂಚಲು ಬಿಡುತ್ತದಲ್ಲ, ಅದು. ಆ ಗಿಡ ನಿಮ್ಮ ಅಜ್ಜ ತಂದದ್ದು. ಯಾರೋ ಪ್ರಯಾಣಿಕರು ಬಸ್ಸಿನಲ್ಲಿ ಮರೆತು ಇಳಿದಿದ್ದರಂತೆ. ಕೇಳಿಕೊಂಡು ಯಾರೂ ಬರಲಿಲ್ಲ. ನನ್ನ ಹಾಗೆ ಅದೂ ‘ಹೋಲ್ಡಾನ್’ ಹೇಳಲಾಗದೆ ಇಲ್ಲಿಯ ತನಕ ಬಂದುಬಿಟ್ಟಿದೆ ಎಂದು ನನಗೆ ಅದರ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ.

ಈ ಸಲ ಮಳೆ ಮುಗಿದು ಬಿಸಿಲು ಬಿದ್ದ ಹೊಸದರಲ್ಲಿ ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಾ ಕೂತಿದ್ದೆ. ಹಲಸಿನ ಮರದ ತುದಿಯಿಂದ ಏನೋ ಹಳದಿಯಾದದ್ದು ಇಳಿಯಿತು. ಹಣ್ಣೆಲೆ ಉದುರಿತು ಎಂದುಕೊಂಡೆ. ಆದರೆ ಉದುರಿದ ಎಲೆ ಕೆಳಗೆ ಬೀಳುತ್ತದೆ, ಇದು ಅರ್ಧ ದಾರಿ ಬಂದು, ಮನಸ್ಸು ಬದಲಿಸಿ, ಮತ್ತೆ ಮೇಲೆ ಹೋಯಿತು. ಅಂಗಳವನ್ನು ಒಂದು ಸುತ್ತು ಬಂದು ಕೇಪಳದ ಗೊಂಚಲಿನ ಮೇಲೆ ಇಳಿಯಿತು. ಚಿಟ್ಟೆ! ಎಷ್ಟು ದೊಡ್ಡದು ಅಂದರೆ, ನನ್ನ ಅಂಗೈ ಬಿಡಿಸಿ ಇಟ್ಟರೂ ಅದರ ರೆಕ್ಕೆ ಮುಚ್ಚುವುದಿಲ್ಲ. ಮುಂದಿನ ರೆಕ್ಕೆ ಕಾಡಿಗೆಯ ಕಪ್ಪು. ಹಿಂದಿನದು ಹೊಸ ಅರಿಶಿನದ ಹಳದಿ. ಕುತ್ತಿಗೆಯ ಹತ್ತಿರ ಕುಂಕುಮದಷ್ಟು ಕೆಂಪು. ಅದರ ಹೆಸರು ಗೊತ್ತಿಲ್ಲದ ಕಾರಣ ನಾನೇ ಅದಕ್ಕೆ ಮುತ್ತೈದೆ ಚಿಟ್ಟೆ ಎಂದು ಹೆಸರಿಟ್ಟೆ.

ಅದರ ನಡವಳಿಕೆ ನೋಡಬೇಕು ಮಕ್ಕಳೇ. ಅದು ಹೂವಿನ ಮೇಲೆ ಸರಿಯಾಗಿ ಕೂರುವುದೇ ಇಲ್ಲ. ಕಾಲು ತಾಗಿಸುತ್ತದೆ, ಹಿಂದಿನ ರೆಕ್ಕೆಯನ್ನು ಸುಮ್ಮನೆ ಬಿಡುತ್ತದೆ, ಮುಂದಿನ ರೆಕ್ಕೆ ಮಾತ್ರ ಪಟಪಟ ಬಡಿಯುತ್ತಲೇ ಇರುತ್ತದೆ. ನಿಲ್ದಾಣದಲ್ಲಿ ಡ್ರೈವರ್ ಇಂಜಿನ್ ಬಂದ್ ಮಾಡದೆ ಇಳಿದು ಚಹಾ ಕುಡಿಯುತ್ತಾನಲ್ಲ, ಹಾಗೆ. ಕೇಪಳದ ಒಂದೊಂದು ಹೂವಿನ ಕೊಳವೆಯೂ ಸೂಜಿಯಷ್ಟು ಸಣ್ಣ. ಅದರೊಳಗೆ ಕರಿದಾರದಂಥ ತನ್ನ ಸೊಂಡಿಲನ್ನು ಒಂದೇ ಸಲಕ್ಕೆ ಇಳಿಸುತ್ತದೆ, ಅದೂ ಹಾರಾಡುತ್ತಲೇ. ಕೂತು, ಕನ್ನಡಕ ಹಾಕಿ, ದಾರದ ತುದಿಯನ್ನು ಎಂಜಲು ಮಾಡಿ ಹೊಸೆದರೂ ಸೂಜಿಯ ಕಣ್ಣು ಸಿಗದ ನಾನು ಬಾಯಿ ತೆರೆದು ನೋಡಿದೆ. ಮರುದಿನವೂ ಬಂತು. ಬಿಸಿಲು ಬಾವಿಕಟ್ಟೆ ದಾಟಿ ಗಿಡಕ್ಕೆ ತಾಗುವ ಹೊತ್ತಿಗೆ, ಹಲಸಿನ ಮರದ ದಾರಿಯಿಂದಲೇ ಬಂತು. ದಾಸಾಳವನ್ನು ಒಮ್ಮೆ ಮಾತಾಡಿಸಿ ಬಿಟ್ಟಿತು. ಅಬ್ಬಲಿಗೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಕೇಪಳವೇ ಅದರ ಅಂಗಡಿ. ನನಗೆ ಆ ಹೊತ್ತು ಎಷ್ಟು ಅಭ್ಯಾಸವಾಯಿತೆಂದರೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ ಕಾಯತೊಡಗಿದೆ. ಇಡೀ ದಿನದಲ್ಲಿ ನನಗೆಂದು ನಡೆಯುವ ಸಂಗತಿ ಅದೊಂದೇ ಆಗಿತ್ತು.

ಆಮೇಲೆ ನಾನೇ ಎಡವಟ್ಟು ಮಾಡಿಕೊಂಡೆ. ಫೋನಿನಲ್ಲಿ ಸಾನಿಕಾಗೆ ಹೇಳಿದೆ. ಅವಳು ಅಲ್ಲಿ ಕಾರವಾರದಲ್ಲಿ ಕುಣಿದಾಡಿದ್ದು ಇಲ್ಲಿಗೆ ಕೇಳಿಸಿತು. “ಅಜ್ಜೀ, ಖರೇನಾ? ಅದು ಬರ್ಡ್‌ವಿಂಗ್! ನಮ್ಮ ರಾಜ್ಯದ ಚಿಟ್ಟೆ ಅದೇ! ಟೀಚರ್ ಹೇಳ್ಕೊಟ್ಟಾರೆ. ನಾ ನಮ್ಮ ಕ್ಲಾಸಲ್ಲಿ ಹೇಳ್ತೆ, ನಮ್ಮಜ್ಜಿ ಅಂಗಳಕ್ಕೆ ದಿನಾ ಬರ್ತದೆ ಅಂತ!” ನೆನಪಿದೆಯಲ್ಲ ಸಾನಿಕಾ? ಮರುದಿನ ಸಂಜೆ ಫೋನು ಮಾಡಿದಾಗ ನಿನ್ನ ದನಿ ಸಣ್ಣಗಾಗಿತ್ತು. ತರಗತಿಯಲ್ಲಿ ಯಾರೂ ನಂಬಲಿಲ್ಲವಂತೆ. ‘ನಿಮ್ಮಜ್ಜಿ ಪತಂಗ ನೋಡಿರ್ಬೇಕು’ ಎಂದು ನಕ್ಕರಂತೆ. “ನವರಾತ್ರಿ ರಜೆಯ ಭಾನುವಾರ ಬರ್ತೆ. ಫೋಟೋ ತೆಗೀಲೇಬೇಕು. ತೋರಿಸ್ತೀಯಲ್ಲಾ?” ಎಂದು ನೀನು ಕೇಳಿದೆ. ನಾನು ‘ಹೂಂ’ ಅಂದೆ. ಅದೊಂದು ನನಗೆ ಚೆನ್ನಾಗಿ ಬರುತ್ತದೆ.

ಇಲ್ಲಿಗೆ ಗಿರಿಜಕ್ಕನ ಪ್ರವೇಶ. ನೆರೆಮನೆಯ ಗಿರಿಜಕ್ಕನನ್ನು ನೀವು ನೋಡಿದ್ದೀರಿ, ಅದಕ್ಕೂ ಮೊದಲು ಕೇಳಿದ್ದೀರಿ. ಅವಳ ಮಗ ಅಂಗಳಕ್ಕೆಲ್ಲ ಸಿಮೆಂಟಿನ ಹಾಸು ಹಾಕಿಸಿದ ಮೇಲೆ ಅವಳಿಗೆ ಉಳಿದದ್ದು ಬೇಲಿಯ ಒಂದು ಬಿಳಿ ದಾಸಾಳ ಮಾತ್ರ. ನವರಾತ್ರಿಯಲ್ಲಿ ಅವಳು ದೇವಿಯನ್ನು ಕೂರಿಸುತ್ತಾಳೆ. ದೇವಿಗೆ ಕೆಂಪು ಬೇಕು. ಕೆಂಪು ಇರುವುದು ನನ್ನ ಬಾವಿಕಟ್ಟೆಯಲ್ಲಿ. ನಮ್ಮಲ್ಲಿ ದೇವರಿಗೆ ಹೂವು ಕೊಯ್ಯಲು ಯಾರೂ ಯಾರನ್ನೂ ಕೇಳುವ ಪದ್ಧತಿಯಿಲ್ಲ. ನೆರೆಮನೆಯವರು ನಸುಕಿನಲ್ಲಿ ಬಂದು ಕೊಯ್ದರೆ ಕಣ್ಣು ಮುಚ್ಚಿಕೊಳ್ಳಬೇಕು, ಆ ಪುಣ್ಯದಲ್ಲಿ ಗಿಡದ ಮನೆಯವರಿಗೂ ಪಾಲಿದೆ ಎಂದು ನನ್ನ ಅತ್ತೆಯೇ ಹೇಳುತ್ತಿದ್ದರು. ದೇವರ ಹೂವಿಗೆ ಬೇಡ ಎಂದವರನ್ನು ನಾನು ಈ ಊರಲ್ಲಿ ಕಂಡಿಲ್ಲ. ಹಬ್ಬ ಹಿಡಿದ ಮೊದಲ ದಿನವೇ ಗಿರಿಜಕ್ಕ ಬುಟ್ಟಿ ತುಂಬಿಕೊಂಡು ಹೋದಳು. ಬಿಸಿಲು ಬಂತು, ಚಿಟ್ಟೆಯೂ ಬಂತು. ಬೋಳು ಗಿಡವನ್ನು ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು, ಬಂದ್ ಆದ ಅಂಗಡಿಯ ಮುಂದೆ ಗಿರಾಕಿ ನಿಂತ ಹಾಗೆ ಸ್ವಲ್ಪ ಹೊತ್ತು ಅಲ್ಲೇ ತೂಗಾಡಿತು. ಆಮೇಲೆ ಹಲಸಿನ ಮರ ಹತ್ತಿ ಹೋಯಿತು. ಮರುದಿನ ಬರಲೇ ಇಲ್ಲ.

ಗಿರಿಜಕ್ಕನಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಗೆ ಹೇಳಲಿ? ನಿಮ್ಮ ಅಜ್ಜ ಹೋದಾಗ ಗಂಜಿ ಬೇಯಿಸಿ ತಂದವಳು ಅವಳು. ಬಂದವರೆಲ್ಲ ‘ಹೇಗಾಯ್ತು, ಹೇಗಾಯ್ತು’ ಎಂದು ಕೇಳುವಾಗ ನನ್ನ ಪಕ್ಕದಲ್ಲಿ ಕೂತು ಎಲ್ಲರಿಗೂ ನನ್ನ ಪರವಾಗಿ ಉತ್ತರ ಕೊಟ್ಟವಳು ಅವಳು. ಅಂಥವಳಿಗೆ, ಅದೂ ದೇವಿಯ ಪೂಜೆಗೆ, ಒಂದು ಹುಳುವಿಗಾಗಿ ಹೂವು ಬಿಡು ಎನ್ನುವುದೆ? ಆದರೂ ಸಾನಿಕಾಳ ಸಣ್ಣ ದನಿ ನೆನಪಾಗಿ ಧೈರ್ಯ ಮಾಡಿದೆ. ಒಂದು ದಿನ ಅವಳಿಗಿಂತ ಮೊದಲೇ ಎದ್ದು, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು, ಗಿಡದ ಮುಂದೆ ನಿಂತೆ. ಗಿರಿಜಕ್ಕ ಬಂದಳು. ನನ್ನನ್ನು ನೋಡಿ ಅವಳ ಮುಖ ಅರಳಿತು.

“ಏ ತಂಗೀ, ಎದ್ಯಾ? ಚಲೋ ಆಯ್ತು ನೋಡು. ನನ್ನ ಭುಜ ನೋವು, ಕೈ ಎತ್ತೂಕಾಗೂದಿಲ್ಲ. ಆ ಮೇಲಿನ ಕೊಂಬೆ ಒಂಚೂರ್ ಬಗ್ಸಿ ಹಿಡಿ.”

ನಾನು ಬಗ್ಗಿಸಿ ಹಿಡಿದೆ. ಅವಳು ಕೊಯ್ದಳು.

“ಗಿರಿಜಕ್ಕಾ, ಅದು… ಈ ಕೇಪಳ…” ಎಂದೆ.

“ಹೌದೇ, ಎಂಥಾ ಚಂದ ಅದೆ ಅಲ್ದಾ? ನೀ ಅಂತೂ ಮುಡೂದಿಲ್ಲ. ಗಿಡದಲ್ಲೇ ಒಣಗಿ ಉದ್ರೂದಕ್ಕಿಂತ ದೇವಿ ಪಾದಕ್ಕಾದ್ರೂ ಹೋಗ್ಲಿ. ಹಾಂ, ಆ ಬದಿದು. ಇನ್ನೊಂಚೂರ್ ಬಗ್ಸು.”

ಹಿಂದಿನ ದಿನ ಅವಳ ಕೈಗೆ ಎಟುಕದೆ ಉಳಿದಿದ್ದ ತುದಿಯ ಎರಡು ಗೊಂಚಲು, ನನ್ನ ಸಹಾಯದಿಂದ ಅಂದು ಅವೂ ಹೋದವು.

ಮಾತಿನಿಂದ ಆಗದ್ದನ್ನು ಉಪಾಯದಿಂದ ಮಾಡಬೇಕು ಎಂದು ಅನ್ನ ಬಸಿಯುವಾಗ ಹೊಳೆಯಿತು. ಮೂಸಿದ ಹೂವು ದೇವರಿಗೆ ಆಗುವುದಿಲ್ಲ. ಸಣ್ಣವಳಿದ್ದಾಗ ಪೂಜೆಯ ತಟ್ಟೆಯ ಸೇವಂತಿಗೆಗೆ ಮೂಗು ತಾಗಿಸಿ ನಾನು ಅವ್ವಿಯಿಂದ ಪೆಟ್ಟು ತಿಂದಿದ್ದೆ. ಹಾಗಾದರೆ ಗಿರಿಜಕ್ಕ ಬರುವ ಮೊದಲು ಕೇಪಳವನ್ನೆಲ್ಲ ಮೂಸಿಬಿಟ್ಟರೆ? ಮರುದಿನ ನಸುಕಿನಲ್ಲಿ ಒಂದೊಂದು ಗೊಂಚಲಿಗೂ ಮೂಗು ಇಟ್ಟು ಮೂಸಿದೆ. ಮೂಸಿ ಒಳಗೆ ಬಂದು ನೆಮ್ಮದಿಯಿಂದ ಚಹಾ ಕುಡಿದೆ. ಗಿರಿಜಕ್ಕ ಬಂದು ಅರಳಿದ್ದನ್ನೆಲ್ಲ ಕೊಯ್ದುಕೊಂಡು ಹೋದಳು. ನಾನು ಮೂಸಿದ್ದು ಅವಳಿಗೆ ಗೊತ್ತಾಗಬೇಕಲ್ಲ! ಇಷ್ಟು ಸಣ್ಣ ವಿಷಯ ಚಹಾ ಮುಗಿಯುವ ತನಕ ನನಗೆ ಹೊಳೆದಿರಲಿಲ್ಲ. ನನ್ನ ಮೂಗು ತಾಗಿದ ಹೂವು ಅಂದು ದೇವಿಯ ತಲೆಗೇ ಏರಿತು. ಹೆದರಿ ಸಂಜೆ ಎಣ್ಣೆ ತೆಗೆದುಕೊಂಡು ಹೋಗಿ ಕೈಮುಗಿದು ಬಂದೆ. ದೇವಿ ಏನೂ ಹೇಳಲಿಲ್ಲ. ಅವಳೂ ನನ್ನ ಹಾಗೆ ಮಾತು ಕಡಿಮೆಯವಳು.

ಮಾರನೆಯ ದಿನ, ಅಂದರೆ ನೀವು ಬರುವ ಹಿಂದಿನ ದಿನ ಶನಿವಾರ, ಬೇಲಿಯ ಆಚೆ ಗಿರಿಜಕ್ಕನ ಬಳೆಯ ಸದ್ದು ಕೇಳಿದ ಮೇಲೆಯೇ ಮೂಸಲು ಶುರುಮಾಡಿದೆ. ಕಣ್ಣಿಗೆ ಕಾಣುವ ಹಾಗೆ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು ಮೂಸಿದೆ. ಕೇಪಳಕ್ಕೆ ವಾಸನೆಯೇ ಇಲ್ಲ ಮಕ್ಕಳೇ. ವಾಸನೆಯಿಲ್ಲದ ಹೂವನ್ನು ಆಸೆಪಟ್ಟು ಮೂಸುವುದು ಎಷ್ಟು ಕಷ್ಟ ಎಂಬುದು ನಾಟಕದವರಿಗೂ ಗೊತ್ತಿರಲಿಕ್ಕಿಲ್ಲ. ಮೂರನೆಯ ಗೊಂಚಲಿನಲ್ಲಿ ಒಂದು ಕೆಂಪಿರುವೆ ಇತ್ತು. ಅದು ಮೂಗಿನೊಳಗೆ ಹೊಕ್ಕಿತು. ಸೀನು ಬಂತು, ಮೇಲಿಂದ ಮೇಲೆ ಬಂತು, ಕಣ್ಣಿನಿಂದ ಮೂಗಿನಿಂದ ನೀರು ಇಳಿಯಿತು. ಸೆರಗಿನಿಂದ ಮುಖ ಒರೆಸಿಕೊಂಡು ತಲೆಯೆತ್ತಿದರೆ ಗಿರಿಜಕ್ಕ ಬೇಲಿಯ ಹತ್ತಿರ ನಿಂತಿದ್ದಾಳೆ. ನನ್ನನ್ನೇ ನೋಡುತ್ತಿದ್ದಾಳೆ. ಬುಟ್ಟಿ ಖಾಲಿ, ಬಾಯಿ ಬಂದ್. ಅವಳ ಬಾಯಿ ಬಂದ್ ಆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಹೂವನ್ನೂ ಮುಟ್ಟದೆ ಅವಳು ತಿರುಗಿ ಹೋದಳು.

ಗೆದ್ದೆ ಎಂದುಕೊಂಡೆ. ಮೂಗು ಬದನೆಕಾಯಿಯಷ್ಟು ಬಾತಿದ್ದರೂ ಗೆದ್ದೆ. ಅಂದು ಬಿಸಿಲು ಬಾವಿಕಟ್ಟೆ ದಾಟಿದಾಗ ಹಲಸಿನ ಮರದಿಂದ ಹಳದಿ ಇಳಿಯಿತು. ಅದೇ ಸುತ್ತು, ಅದೇ ಗೊಂಚಲು, ಅದೇ ಅವಸರ. ನಾನು ಪಾತ್ರೆ ಹಿಡಿದುಕೊಂಡೇ ಅದರೊಡನೆ ಮಾತಾಡಿದೆ. ‘ನಾಳೆಯೂ ಬಾ, ಮೊಮ್ಮಕ್ಕಳು ಬರುತ್ತಾರೆ’ ಎಂದೆ. ಚಿಟ್ಟೆಗಾದರೆ ನನಗೆ ಮಾತು ಬರುತ್ತದೆ.

ಸಂಜೆ ನಿಮ್ಮ ವೀಣತ್ತೆ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಕಳಚದೆ ನನ್ನ ಮುಂದೆ ನಿಂತಳು. “ಅತ್ತೆ, ನೀವು ಹೂವು ಮುಡೂಕೆ ಆಸೆಪಟ್ಕಂಡು ಗಿಡದ ಬುಡದಲ್ಲಿ ನಿಂತು ಅಳ್ತಿದ್ರಂತೆ. ಹೌದಾ?”

ನನ್ನ ಕೈಯಲ್ಲಿದ್ದ ಹುಣಿಸೆಹಣ್ಣು ಕೆಳಗೆ ಬಿತ್ತು.

“ಗಿರಿಜಕ್ಕ ಹಾಲಿನ ಡೈರಿಲಿ ಹೇಳ್ತಿದ್ರು. ‘ಆ ತಂಗಿಗೆ ನಾ ದಿನಾ ನೀ ಅಂತೂ ಮುಡೂದಿಲ್ಲ, ನೀ ಅಂತೂ ಮುಡೂದಿಲ್ಲ ಹೇಳ್ತೆ, ಅದ್ರ ಹೊಟ್ಟೆಯೊಳಗೆ ಎಂತಾಗಿರ್ಬೇಡ’ ಅಂತ ಅವ್ರೂ ಅತ್ತಾರೆ. ಮುಡೀರಿ ಅತ್ತೆ. ಈಗ ಯಾರು ಕೇಳ್ತ್ರು? ನಾ ಎಷ್ಟೋ ಸಲ ಹೇಳ್ಬೇಕು ಅಂತ ಮಾಡಿದ್ದೆ, ನೀವು ಬೇಜಾರ್ ಮಾಡ್ಕಂಬುದು ಬೇಡ ಅಂತ ಸುಮ್ನಾದೆ.”

ಈಗ ನಾನು ಏನು ಹೇಳಬೇಕು, ನೀವೇ ಹೇಳಿ. ಆಸೆಯಿಂದ ಅಲ್ಲ, ಒಂದು ಚಿಟ್ಟೆಗಾಗಿ ದೇವಿಯ ಹೂವನ್ನು ಎಂಜಲು ಮಾಡುತ್ತಿದ್ದೆ, ಅತ್ತದ್ದಲ್ಲ, ಇರುವೆ ಕಚ್ಚಿತು ಎನ್ನಲೆ? ಡೈರಿಯವರು ಕಟ್ಟಿದ ಕತೆಗಿಂತ ನನ್ನ ನಿಜವೇ ಹೆಚ್ಚು ನಾಚಿಕೆಯದಾಗಿತ್ತು. ತಲೆ ತಗ್ಗಿಸಿದೆ. ವೀಣಾ ಅದನ್ನು ‘ಹೂಂ’ ಎಂದು ತಿಳಿದುಕೊಂಡಳು.

ಭಾನುವಾರ ನಸುಕಿನಲ್ಲಿ ಗಿರಿಜಕ್ಕ ಎರಡು ಬುಟ್ಟಿ ಹಿಡಿದು ಬಂದಳು. ಅವಳ ಮುಖದಲ್ಲಿ ಯುದ್ಧಕ್ಕೆ ಹೊರಟವರ ಕಳೆ. “ಇವತ್ತು ಒಂದೂ ಬಿಡೂದಿಲ್ಲ ತಂಗೀ. ಯಂತಕೆ ಅಂತ ಕೇಳ್ಬೇಡ. ಆಮೇಲೆ ಗೊತ್ತಾತದೆ” ಎಂದಳು. ಕೇಪಳ ಹೋಯಿತು, ದಾಸಾಳ ಹೋಯಿತು, ಅಬ್ಬಲಿಗೆಯ ಸಾಲಿಗೆ ಸಾಲೇ ಹೋಯಿತು. ಕೊಂಬೆ ಬಗ್ಗಿಸಿ ಹಿಡಿದವಳು ನಾನೇ.

ಆಮೇಲಿನದು ನಿಮಗೆ ಗೊತ್ತು. ಆದರೂ ನೀವು ನೋಡಿದ್ದು ಚಿಟ್ಟೆಯನ್ನು, ನಾನು ಪಟ್ಟ ಪಾಡನ್ನಲ್ಲ. ಬಾಳೆಗುಳಿ ಕ್ರಾಸಿನಲ್ಲಿ ಬಸ್ಸು ಇಳಿದವರೇ ಅಮ್ಮನನ್ನು ಹಿಂದೆ ಬಿಟ್ಟು ಓಡಿ ಬಂದಿರಿ. ಸಾನಿಕಾ ಅಮ್ಮನ ಫೋನು ಹಿಡಿದುಕೊಂಡು ಬಾವಿಕಟ್ಟೆಗೆ ಹೋದಳು. ಅಲ್ಲಿ ಹಸಿರು ಗಿಡವೊಂದು ನಿಂತಿತ್ತು, ಆಗಷ್ಟೇ ಕ್ಷೌರ ಮಾಡಿಸಿಕೊಂಡವರ ಹಾಗೆ. “ಅಜ್ಜೀ, ಹೂವೆಲ್ಲಿ?” ಎಂದು ಅವಳು ಕೇಳಿದಳು. ನಾನು ಮೆಟ್ಟಿಲ ಮೇಲೆ ಕೂತು ಸೆರಗಿನ ತುದಿ ಸುತ್ತುತ್ತಿದ್ದೆ. “ಚಿಟ್ಟೆ ಸುಳ್ಳಾ ಅಜ್ಜಿ?” ಎಂದು ಸಮರ್ಥ ಕೇಳಿದ. ಸಣ್ಣ ಮಕ್ಕಳಿಗೆ ದಾಕ್ಷಿಣ್ಯ ಇರುವುದಿಲ್ಲ. ಸಾನಿಕಾ ಮಾತ್ರ “ಇರ್ಲಿ ಅಜ್ಜಿ, ಸಾಕು” ಎಂದು ಫೋನನ್ನು ಕೆಳಗಿಟ್ಟಳು. ಅವಳು ಜಗಳಾಡಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಬಿಸಿಲು ಬಾವಿಕಟ್ಟೆ ದಾಟುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಗಿರಿಜಕ್ಕ ಬಂದಳು. ಹೊಸ ಸೀರೆ, ತುರುಬಿನಲ್ಲಿ ದೇವಿಯ ಪ್ರಸಾದವೆಂದು ಸಿಕ್ಕಿಸಿಕೊಂಡ ಕೆಂಪು ಕೇಪಳದ ದೊಡ್ಡ ಗೊಂಚಲು, ಕೈಯಲ್ಲಿ ಬಾಳೆಲೆಯ ಪೊಟ್ಟಣ. “ಮಕ್ಕಳೂ ಬಂದಾರೆ, ಚಲೋ ಆಯ್ತು. ಎಲ್ಲರ ಎದುರೇ ಆಗ್ಲಿ” ಎಂದು ಪೊಟ್ಟಣ ಬಿಚ್ಚಿದಳು. ಒಳಗೆ ಅಬ್ಬಲಿಗೆಯ ದಂಡೆ, ಒತ್ತ ಒತ್ತಾಗಿ ಕಟ್ಟಿದ್ದು. “ಯಾರ್ ಎಂತ ಹೇಳ್ತ್ರು ನಾ ನೋಡ್ತೆ. ತಲೆ ತಿರ್ಗ್ಸು ತಂಗೀ” ಎಂದಳು. ನಾನು ಬೇಡ ಎನ್ನುವ ಜಾತಿಯವಳೆ? ತಿರುಗಿಸಿದೆ. ಅವಳು ತನ್ನ ತಲೆಯ ಪಿನ್ನು ಕಿತ್ತು ನನ್ನ ಜಡೆಗೆ ಸಿಕ್ಕಿಸಿದಳು. ಆಮೇಲೆ ನನ್ನನ್ನು ತನ್ನ ಕಡೆ ತಿರುಗಿಸಿ, ಎದುರಿನಿಂದ ಹೇಗೆ ಕಾಣುತ್ತದೆ ಎಂದು ನೋಡಲು, ಅಂಗಳಕ್ಕೆ ಇಳಿದು ಹಿಂದೆ ಹಿಂದೆ ಸರಿದು ನಿಂತಳು. ನಾನು ನಾಚಿಕೆಯಿಂದ ಕಣ್ಣನ್ನು ಎಲ್ಲಿಡುವುದೆಂದು ತಿಳಿಯದೆ ಅವಳ ತಲೆಯ ಮೇಲೆ, ಹಲಸಿನ ಮರದ ಕಡೆ ಇಟ್ಟೆ. ಅಲ್ಲಿಂದ ಹಳದಿ ಇಳಿಯುತ್ತಿತ್ತು.

ಅದು ಬೋಳು ಗಿಡವನ್ನು ಒಂದು ಸುತ್ತು ಹಾಕಿತು. ಅಂಗಳದಲ್ಲಿ ಅಂದು ಉಳಿದಿದ್ದ ಕೇಪಳ ಒಂದೇ, ಅದು ಗಿರಿಜಕ್ಕನ ತುರುಬಿನಲ್ಲಿ. ಚಿಟ್ಟೆ ಅವಳ ಬೆನ್ನ ಹಿಂದಿನಿಂದ ತೇಲುತ್ತಾ ಬಂತು. ಗಿರಿಜಕ್ಕ ಮುಂದಕ್ಕೆ ಹೆಜ್ಜೆ ಎತ್ತಿದಳು.

“ಹೋಲ್ಡಾನ್!”

ಆ ಕೂಗು ಎಲ್ಲಿಂದ ಬಂತೆಂದು ನಾನೂ ತಿರುಗಿ ನೋಡಿದೆ. ನನ್ನಿಂದಲೇ ಬಂದಿತ್ತು. ಗಿರಿಜಕ್ಕ ಒಂದು ಕಾಲು ಎತ್ತಿದವಳು ಎತ್ತಿದ ಹಾಗೆಯೇ ನಿಂತಳು. ರಸ್ತೆಯಲ್ಲಿ ಹೋಗುತ್ತಿದ್ದ ಬೈಕಿನವನೊಬ್ಬ ಬ್ರೇಕು ಹಾಕಿದ್ದು ಕೇಳಿಸಿತು.

“ಹಾವಾ?” ಎಂದು ಅವಳು ತುಟಿ ಅಲ್ಲಾಡಿಸದೆ ಕೇಳಿದಳು.

“ಅಲ್ಲಾಡ್ಬೇಡ ಗಿರಿಜಾ! ಬಾಯಿ ಮುಚ್ಚು!” ಎಂದೆ. ಅಕ್ಕ ಇಲ್ಲ, ನೀವು ಇಲ್ಲ, ಮುಲಾಜು ಮೊದಲೇ ಇಲ್ಲ.

“ಹಾವಲ್ಲ, ಚಿಟ್ಟೆ!” ಎಂದು ಸಮರ್ಥ ಪಿಸುಗುಟ್ಟಿದ. “ನಿಮ್ಮ ತಲೆ ಮೇಲೆ ಊಟ ಮಾಡ್ತಾ ಅದೆ.”

ಗಿರಿಜಕ್ಕನ ಕಣ್ಣು ಮೇಲಕ್ಕೆ ಹೋಯಿತು, ಎಷ್ಟು ಹೋಗಬಹುದೋ ಅಷ್ಟೂ ಹೋಯಿತು. ಆ ಕಪ್ಪು ಹಳದಿ ರೆಕ್ಕೆ ಅವಳ ತುರುಬಿನ ಮೇಲೆ ಪಟಪಟ ಬಡಿಯುತ್ತಾ, ಸೊಂಡಿಲು ಒಂದು ಹೂವಿನಿಂದ ಇನ್ನೊಂದು ಹೂವಿಗೆ ಹೋಗುತ್ತಾ ಇತ್ತು. ಸಾನಿಕಾ ಉಸಿರು ಕಟ್ಟಿ ಫೋಟೋ ತೆಗೆದಳು. ಗೊಂಚಲು ಮುಗಿಸಿದ ಚಿಟ್ಟೆ ಮೇಲೆದ್ದು, ನನ್ನ ತಲೆಯ ಅಬ್ಬಲಿಗೆಯ ಹತ್ತಿರ ಒಂದು ಗಳಿಗೆ ಬಂದು, ಇದು ತನಗೆ ಸೇರುವುದಿಲ್ಲ ಎಂದು ‘ಬೇಡ’ ಹೇಳಿ, ಹಲಸಿನ ಮರ ಹತ್ತಿತು. ನೋಡಿ, ಅದಕ್ಕೂ ಬರುತ್ತದೆ.

ಗಿರಿಜಕ್ಕ ಕಾಲು ಕೆಳಗಿಟ್ಟಳು. ಅವಳಿಗೆ ಸಾನಿಕಾಳೇ ಎಲ್ಲ ಹೇಳಿದಳು, ರಾಜ್ಯದ ಚಿಟ್ಟೆ, ಕ್ಲಾಸು, ಕೇಪಳ ಎಲ್ಲ. ಉಳಿದದ್ದನ್ನು ನಾನು ಸೆರಗು ಸುತ್ತುತ್ತಾ ಹೇಳಿದೆ. ಕೇಳಿ ಮುಗಿಸಿ ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು.

“ಚಿಟ್ಟಿಗೆ? ಚಿಟ್ಟಿಗೆ ಹೂವು ಉಳ್ಸೂಕೆ ನೀ ಕೇಪಳ ಮೂಸ್ದ್ಯಾ? ಇರಿವೆ ಕಚ್ಚಿ ಅತ್ಯಾ? ಅಯ್ಯೋ ದೇವ್ರೇ! ನಾ ಇಲ್ಲಿಂದ ಅಂಕೋಲಾ ತನಕ ಹೇಳ್ಕಂಡು ಬಂದೆನಲ್ಲೇ! ಒಂದ್ ಮಾತು ಬಾಯ್ ಬಿಟ್ಟು ಹೇಳುಕೆ ಏನಾಗಿತ್ತು ನಿಂಗೆ? ಚಿಟ್ಟೆ ಮುಟ್ಟಿದ್ದು ಎಂಜಲಲ್ಲ, ಅದು ಉಂಡು ಬಿಟ್ಟಿದ್ದೇ ನಾ ದೇವಿಗೆ ಹಾಕ್ತಿದ್ದೆ.” ಅವಳು ನಕ್ಕಳು, ನಗುತ್ತಾ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಜಡೆಯ ಕಡೆ ಕೈ ಚಾಚಿದಳು. “ಹಂಗಾರೆ ನಿಂಗೆ ಮುಡೂ ಆಸೆ ಇಲ್ವಲ್ಲ. ಎಲ್ಲರ ಎದುರು ನಾಚ್ಕೆ ಮಾಡ್ದೆ ನಿಂಗೆ. ತೆಗೀಲಾ?”

ನನ್ನ ಕೈ ತಾನಾಗಿ ಮೇಲೆ ಹೋಗಿ ದಂಡೆಯನ್ನು ಹಿಡಿದುಕೊಂಡಿತು.

“ಬೇಡ” ಎಂದೆ.

ಗಿರಿಜಕ್ಕ ಪಿನ್ನನ್ನು ಇನ್ನಷ್ಟು ಗಟ್ಟಿಯಾಗಿ ಸಿಕ್ಕಿಸಿದಳು.

ನೀವು ಕಾರವಾರದ ಬಸ್ಸು ಹತ್ತಿದ ಮೇಲೆ ನಾನು ಆ ದಂಡೆಯನ್ನು ಮರೆತೇ ಅಂಕೋಲಾ ಪೇಟೆಗೆ ಬಸಳೆ ತರಲು ಹೋಗಿದ್ದೆ. ಅರ್ಧ ಪೇಟೆ ದಾಟಿದ ಮೇಲೆ ತಲೆಗೆ ಕೈ ಹೋಗಿ ದಂಡೆ ತಾಗಿತು. ಈಗ ಎಲ್ಲರೂ ನೋಡುತ್ತಾರೆ ಎಂದು ಕಾದೆ. ಬಸಳೆಯವಳು ನೋಡಿದಳು. “ಅಮ್ಮಾ, ಎರಡ್ ಕಟ್ಟು ತಕಣಿ, ಚಲೋ ಅದೆ” ಎಂದಳು. ಅಷ್ಟೇ. ಇಷ್ಟು ವರ್ಷ ನಾನು ಹೆದರಿದ್ದ ಊರಿಗೆ ಬಸಳೆ ಮಾರುವ ಚಿಂತೆಯೇ ಹೆಚ್ಚಾಗಿತ್ತು. ನಾನು ಎರಡು ಕಟ್ಟು ತೆಗೆದುಕೊಂಡೆ. ಬೇಕಿದ್ದದ್ದು ಒಂದೇ ಆಗಿತ್ತು.

ಸಾನಿಕಾ, ನಿನ್ನ ಕ್ಲಾಸಿನಲ್ಲಿ ಟೀಚರು ಚಿಟ್ಟೆ ನೋಡಿದರೆಂದೂ, ಉಳಿದವರೆಲ್ಲ ಗಿರಿಜಕ್ಕನ ಕಣ್ಣು ನೋಡಿದರೆಂದೂ ಹೇಳಿದೆಯಲ್ಲ, ಅದನ್ನು ಅವಳಿಗೆ ತಿಳಿಸಿದ್ದೇನೆ. ಅವಳಿಗೆ ಬಹಳ ಹೆಮ್ಮೆ. ಆ ಫೋಟೋವನ್ನು ದೊಡ್ಡದು ಮಾಡಿಸಿ ದೇವಿಯ ಪಕ್ಕದಲ್ಲೇ ಇಟ್ಟಿದ್ದಾಳೆ. ಮತ್ತು ಕೇಪಳದ ಗಿಡಕ್ಕೆ ಈಗ ಅವಳೇ ಕಾವಲು. ಯಾರನ್ನೂ ಹತ್ತಿರ ಬಿಡುವುದಿಲ್ಲ. ಯಾರನ್ನೂ ಅಂದರೆ ನನ್ನನ್ನೂ. ಮೊನ್ನೆ ನಮ್ಮ ಮನೆದೇವರಿಗೆಂದು ಒಂದು ಗೊಂಚಲಿಗೆ ಕೈ ಹಾಕಿದೆ. ಬೇಲಿಯ ಆಚೆಯಿಂದ ಗುಡುಗಿತು: “ಏ ತಂಗೀ! ಹೋಲ್ಡಾನ್! ಅದು ಚಿಟ್ಟೆದು!” ನನ್ನ ಗಂಡ ತಂದ ಗಿಡ, ನನ್ನ ಬಾವಿಕಟ್ಟೆ, ನನ್ನ ಗಂಡನದೇ ಮಾತು. ನಾನು ಕೈ ಹಿಂದೆ ತೆಗೆದೆ. ಈಗ ದಿನಾ ನಸುಕಿನಲ್ಲಿ ಅವಳ ಬೇಲಿಯ ಬಿಳಿ ದಾಸಾಳ ಕೊಯ್ಯಲು ಹೋಗುತ್ತೇನೆ. ಕೊಂಬೆಯನ್ನು ಅವಳು ಬಗ್ಗಿಸಿ ಹಿಡಿಯುತ್ತಾಳೆ.

ನನ್ನ ದೇವರಿಗೂ ಒಂದು ಕೆಂಪು ಗೊಂಚಲು ಬೇಕು ಎಂದು ಅವಳಿಗೆ ಹೇಳಬೇಕು. ಮಾತು ಬಾಯಿಪಾಠವಾಗಿದೆ, ತುಟಿಯೂ ಅಲ್ಲಾಡುತ್ತದೆ. ಅದಕ್ಕೇ ಮಕ್ಕಳೇ, ಈ ಹಾಳೆಗಳನ್ನು ಎಲ್ಲೆಲ್ಲೋ ಬಿಸಾಡಬೇಡಿ. ನಿಮ್ಮ ಅಜ್ಜನ ಟಿಕೆಟಿನ ಚರ್ಮದ ಚೀಲ ನಿಮ್ಮ ಮನೆಯ ಕಪಾಟಿನಲ್ಲಿದೆಯಲ್ಲ, ಅದರಲ್ಲಿ ಮಡಚಿ ಇಡಿ, ಇಲಿ ಮುಟ್ಟದ ಹಾಗೆ ಜಿಪ್ಪು ಹಾಕಿ. ಮುಂದಿನ ಸಲ ಬರುವಾಗ ಜೋಪಾನವಾಗಿ ತನ್ನಿ. ಗಿರಿಜಕ್ಕನನ್ನು ಮೆಟ್ಟಿಲ ಮೇಲೆ ಕೂರಿಸಿ, ಆ ಗೊಂಚಲಿನ ಸಾಲನ್ನು ಸಮರ್ಥ ಗಟ್ಟಿಯಾಗಿ ಓದಲಿ. ಆ ಹೊತ್ತಿಗೆ ನನ್ನನ್ನು ಹುಡುಕಬೇಡಿ, ನಾನು ಹಿತ್ತಲಿನಲ್ಲಿರುತ್ತೇನೆ.